ನಾಬೋತನ ಊರಿನವರು

ಕ್ರೈಸ್ತ ಸಭೆಗಳಿಗೆ ಹೊಸದಾಗಿ ಸಭಾಪಾಲಕರಾಗುವವರು ಆಗಾಗ ಚಳ್ಳಕೆರೆಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, ಆರಾಧನೆಯಲ್ಲಿ ಹೇಳುವ ಪ್ರಸಂಗ ಹೇಗೆ ತಯಾರಿ ಮಾಡ್ತಿದ್ರಿ, ವಯಸ್ಸಿನ ಹುಡುಗರನ್ನು ಸಭೆಯಲ್ಲಿ ಹೇಗೆ ಉಳಿಸಿಕೊಂಡ್ರಿ ಎಂದು ಕೇಳುತ್ತಾರೆ. ನಾನು ಏನೋ ಒಂದಿಷ್ಟು ಹೇಳಿ ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಕರುಣಾ, "ನಿಜ ಹೇಳ್ಬೇಕಿತ್ತು" ಅನ್ನುತ್ತಾಳೆ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ನಿಜ ಅದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೊರಗಿನವರು ನಮ್ಮದನ್ನು ಭಾನುವಾರದ ಕೆಲಸ ಅಂದುಕೊಳ್ಳುತ್ತಾರೆ. ಭಾನುವಾರವೇ ಎಲ್ಲಕ್ಕಿಂತ ಸುಲಭ. ಉಳಿದ ದಿನ ಜ್ವರ ಬಂದವರ ಮನೆಗೆ ಹೋಗಬೇಕು, ಗಂಡ ಹೆಂಡಿರ ಜಗಳದಲ್ಲಿ ಮಧ್ಯೆ ಕೂರಬೇಕು, ಪಿಂಚಣಿ ನಿಂತವರ ಜೊತೆ ತಾಲ್ಲೂಕು ಕಚೇರಿಗೆ ಅಲೆಯಬೇಕು, ಸತ್ತವರಿಗೆ ಪೆಟ್ಟಿಗೆ ಮಾಡಿಸಬೇಕು. ಇದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಅಲ್ಲಿ ನಮಗೆ ಕಲಿಸಿದ್ದು ನಮ್ಮ ಬೈಬಲ್ ಆದ ಸತ್ಯವೇದದ ಭಾಷೆಗಳನ್ನು, ಅದರಲ್ಲಿ ಬರುವ ರಾಜರ ಕಾಲಾನುಕ್ರಮವನ್ನು. ಆ ರಾಜರು ನಮ್ಮ ಹಳ್ಳಿಗೇ ಬಂದು ಇರುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ನನ್ನನ್ನು ಮೊದಲು ಹಾಕಿದ್ದು ಮೊಳಕಾಲ್ಮುರು ದಾಟಿ ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಗೆ. ಬಂಡೆಗಳ ನಡುವೆ ಊರು. ತಗಡಿನ ಸೂರಿನ ದೇವಾಲಯ, ಅದಕ್ಕೆ ಅಂಟಿದ ಎರಡು ಕೋಣೆಯ ಮನೆ. ಸಭೆಯವರಲ್ಲಿ ಕೆಲವರು ಮಗ್ಗದ ಮನೆಗಳಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುತ್ತಿದ್ದರು, ಕೆಲವರು ಕಲ್ಲಿನ ಕ್ವಾರಿಗೆ ಹೋಗುತ್ತಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪ್ರಾರ್ಥನೆಯಲ್ಲಿ ಎರಡೂ. ನನ್ನನ್ನು ಅಯ್ಯಗಾರು ಎನ್ನುತ್ತಿದ್ದರು. ನನಗೆ ತೆಲುಗು ಬರುತ್ತಿರಲಿಲ್ಲ. ಬಂದ ಹೊಸದರಲ್ಲಿ ಒಂದು ಭಾನುವಾರ, "ಎಲ್ಲರೂ ಸಂತೋಷದಿಂದ ಕೊಡಿ" ಎಂದು ಕಾಣಿಕೆಯ ಬಗ್ಗೆ ಎಳೆದೆಳೆದು ಹೇಳಿದೆ. ಮುಂದಿನ ವಾರ, ಗಡಿಯಾಚೆಯಿಂದ ಮಗಳ ಮನೆಗೆ ಬಂದು ಉಳಿದಿದ್ದ ಒಬ್ಬ ಅಜ್ಜಿ ಕಾಲು ಕಟ್ಟಿದ ಹುಂಜವನ್ನು ತಂದು ವೇದಿಕೆಯ ಮುಂದೆ ಇಟ್ಟಳು. ತೆಲುಗಿನಲ್ಲಿ ಕೋಡಿ ಅಂದರೆ ಕೋಳಿ. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ಹಳ್ಳಿಯಲ್ಲಿ ನಾವೆಲ್ಲ ಒಟ್ಟಿಗೆ ನಕ್ಕ ದಿನಗಳಲ್ಲಿ ಅದು ಒಂದು. ಆಮೇಲೆ ಅಂಥವು ಕಡಿಮೆಯಾದವು.

ಆಗ ಪ್ರೊಜೆಕ್ಟರ್ ಇರಲಿಲ್ಲ, ಮೊಬೈಲಿನಲ್ಲಿ ಆರಾಧನೆ ತೋರಿಸುವುದೂ ಇರಲಿಲ್ಲ. ಬುಧವಾರ ಸಂಜೆ, ಕೂಲಿಯಿಂದ ಬಂದವರು ಕೈಕಾಲು ತೊಳೆದು ದೇವಾಲಯದ ಜಗಲಿಯ ಮೇಲೆ ಕೂರುತ್ತಿದ್ದರು. ಓದು ಬಾರದವರೇ ಹೆಚ್ಚು. ನಾನು ಒಂದೊಂದು ಕಥೆ ಹೇಳುತ್ತಿದ್ದೆ, ಅವರು ಪ್ರಶ್ನೆ ಕೇಳುತ್ತಿದ್ದರು. ಈಗಿನ ಸ್ಲೈಡುಗಳಲ್ಲಿ ಪ್ರಶ್ನೆ ಕೇಳಲು ಯಾರಿಗೂ ಜಾಗವಿಲ್ಲ. ನನ್ನ ವೃತ್ತಿಯಲ್ಲಿ ಕಳೆದುಹೋದದ್ದೇನು ಎಂದು ಕೇಳಿದರೆ ಆ ಜಗಲಿ ಅನ್ನುತ್ತೇನೆ.

ಮುಂದಿನ ಸಂಗತಿ ಶುರುವಾದದ್ದು ದೇವದಾಸಪ್ಪ ಎಂಬ ನೇಕಾರ ತೀರಿಕೊಂಡ ದಿನ. ಅವರ ಹೆಂಡತಿ ಸಾರಮ್ಮ. ಊರಾಚೆ ಬಂಡೆಯ ಬುಡದಲ್ಲಿ ನಮ್ಮವರ ಸಮಾಧಿ ನೆಲವಿತ್ತು. ಕ್ವಾರಿಯ ಗುತ್ತಿಗೆದಾರನೊಬ್ಬ ಅಲ್ಲಿಗೆ ಕಲ್ಲು ತಂದು ಒಟ್ಟುತ್ತಾ, ಲಾರಿ ತಿರುಗಿಸುತ್ತಾ, ಮೆಲ್ಲಗೆ ಅದು ತನ್ನದೇ ಎಂಬಂತೆ ಮಾಡಿಕೊಂಡಿದ್ದ. ಹೆಣ ಹೊತ್ತುಕೊಂಡು ಹೋದಾಗ ಅವನ ಆಳುಗಳು ದಾರಿಗೆ ಅಡ್ಡ ನಿಂತಿದ್ದರು. ಪೆಟ್ಟಿಗೆಯನ್ನು ರಸ್ತೆಯ ಮೇಲೆ ಇಳಿಸಿದೆವು. ಠಾಣೆಗೆ ಹೇಳಿ ಕಳಿಸಿದರೆ, ಸಾಹೇಬರು ಬರಲಿ, ನಾಳೆ ನೋಡೋಣ ಎಂಬ ಉತ್ತರ ಬಂತು. ಬಿಸಿಲು ಏರುತ್ತಿತ್ತು. ಸಾರಮ್ಮ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಸೆರಗಿನಿಂದ ಅದಕ್ಕೆ ನೆರಳು ಮಾಡುತ್ತಿದ್ದರು.

ಆಗ ಬಂದವನು ಆನಂದ. ಆ ಗುತ್ತಿಗೆದಾರನ ಹತ್ತಿರವೇ ಲಾರಿ ಓಡಿಸುತ್ತಿದ್ದ ನಮ್ಮ ಸಭೆಯ ಹುಡುಗ. ಲಾರಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಇಳಿದ. ಸಮಾಧಿ ತೋಡುವವನ ಕೈಯಿಂದ ಹಾರೆ ತೆಗೆದುಕೊಂಡು ಆಳುಗಳ ನಡುವೆ ನುಗ್ಗಿ ಹೋಗಿ ನೆಲ ಅಗೆಯತೊಡಗಿದ. ಅವರು ಹೊಡೆದರು. ಎಡಗೈ ಮುರಿಯಿತು. ಅವನು ಬಲಗೈಯಲ್ಲೇ ಅಗೆಯುತ್ತಿದ್ದ. ತಲೆಯಿಂದ ರಕ್ತ ಇಳಿದು ಅಂಗಿ ಒದ್ದೆಯಾದಾಗ, ಕೊಲೆಯಾದೀತು ಎಂದು ಹೆದರಿ ಆಳುಗಳೇ ಹಿಂದೆ ಸರಿದರು. ಅಷ್ಟು ಹೊತ್ತೂ ಸಭೆಯವರಲ್ಲಿ ಯಾರೂ ರಸ್ತೆ ಬಿಟ್ಟು ಕದಲಿರಲಿಲ್ಲ. ದೇವದಾಸಪ್ಪನನ್ನು ಅಂದೇ ಮಣ್ಣು ಮಾಡಿದೆವು. ಆನಂದನ ಎಡಗೈ ಮತ್ತೆ ನೆಟ್ಟಗಾಗಲಿಲ್ಲ.

ಅವನು ಆಸ್ಪತ್ರೆಯಿಂದ ಬಂದಾಗ ನಮ್ಮ ಸಭೆಗಳ ಮೇಲ್ವಿಚಾರಕರು ಚಿತ್ರದುರ್ಗದಿಂದ ಕಾರಿನಲ್ಲಿ ಬಂದು ಹಾರ ಹಾಕಿದರು. ಸಾರಮ್ಮ ಅವನ ಪಾದ ಮುಟ್ಟಲು ಹೋದರು. "ಏ, ಅಕ್ಕಾ, ಬ್ಯಾಡ" ಎಂದು ಅವನು ಹಿಂದೆ ಸರಿದ. ಅವನ ಕಣ್ಣಲ್ಲಿ ನೀರಿತ್ತು. ಆ ದಿನದ ಆನಂದನನ್ನು ನಾನು ಇಂದಿಗೂ ಒಳ್ಳೆಯವನೆಂದೇ ನಂಬಿದ್ದೇನೆ.

ಆಮೇಲೆ ಜಗಳವಾದರೆ ಆನಂದ, ಕೂಲಿ ಕೊಡದಿದ್ದರೆ ಆನಂದ. ಪಂಚಾಯಿತಿ ಚುನಾವಣೆ ಬಂತು, ನಿಲ್ಲಲೇಬೇಕು ಎಂದು ಎಲ್ಲರೂ ಹಿಡಿದುಕೊಂಡರು. ಆ ಬುಧವಾರಗಳಲ್ಲಿ ನಾನು ಅರಸರು ಬರುವುದಕ್ಕೆ ಮೊದಲಿನ ನ್ಯಾಯಸ್ಥಾಪಕರ ಕಾಲದ ಕಥೆಗಳನ್ನು ಹೇಳುತ್ತಿದ್ದೆ. ಗಿದ್ಯೋನ ಎಂಬ ವೀರ ಶತ್ರುಗಳನ್ನು ಓಡಿಸಿ ಬರುತ್ತಾನೆ. ನೀನೇ ನಮ್ಮನ್ನು ಆಳು ಎಂದು ಜನ ಕೇಳುತ್ತಾರೆ. ಅವನು ಬೇಡವೆನ್ನುತ್ತಾನೆ, ದೇವರೇ ನಿಮ್ಮನ್ನು ಆಳಲಿ ಎನ್ನುತ್ತಾನೆ. ಆದರೆ ಅದೇ ಉಸಿರಿನಲ್ಲಿ, ಲೂಟಿಯಲ್ಲಿ ಸಿಕ್ಕ ಕಿವಿಯ ಚಿನ್ನದ ಮುರುಗಳನ್ನು ಮಾತ್ರ ನನಗೆ ಕೊಡಿ ಎಂದು ಕೇಳಿ ತೆಗೆದುಕೊಳ್ಳುತ್ತಾನೆ. ಅವನ ಒಬ್ಬ ಮಗ ಅಬೀಮೆಲೆಕ ಮುಂದೆ ಒಡಹುಟ್ಟಿದವರನ್ನೇ ಕೊಂದು ರಾಜನಾಗುತ್ತಾನೆ. ಆ ಮಗನ ಹೆಸರಿನ ಅರ್ಥವೇ, ನನ್ನ ತಂದೆ ಅರಸ ಎಂದು.

ಅದರ ಮುಂದಿನ ಬುಧವಾರ ಸಮುವೇಲನ ಕಥೆ. ನಮಗೂ ಒಬ್ಬ ಅರಸ ಬೇಕು, ನಮ್ಮ ಮುಂದೆ ನಡೆದು ಯುದ್ಧ ಮಾಡುವವನು ಬೇಕು ಎಂದು ಜನ ಮುದುಕ ಪ್ರವಾದಿಯನ್ನು ಕೇಳುತ್ತಾರೆ. ಅವನು ಎಚ್ಚರಿಸುತ್ತಾನೆ: ನಿಮ್ಮ ಗಂಡುಮಕ್ಕಳನ್ನು ತನ್ನ ರಥದ ಮುಂದೆ ಓಡಿಸಲು ತೆಗೆದುಕೊಳ್ಳುತ್ತಾನೆ, ಹೆಣ್ಣುಮಕ್ಕಳನ್ನು ಅಡಿಗೆಗೆ ತೆಗೆದುಕೊಳ್ಳುತ್ತಾನೆ, ಹೊಲ ತೋಟಗಳಲ್ಲಿ ಒಳ್ಳೆಯದನ್ನು ತೆಗೆದುಕೊಳ್ಳುತ್ತಾನೆ, ಆಗ ನೀವು ಅಳುತ್ತೀರಿ, ಕೇಳುವವರಿರುವುದಿಲ್ಲ. ಆ ಮಾತಿನಲ್ಲಿ ಬರುವುದು ಒಂದೇ ಕ್ರಿಯಾಪದ, ತೆಗೆದುಕೊಳ್ಳುವುದು.

ಜಗಲಿಯಲ್ಲಿ ಸಭೆಯ ಹಿರಿಯರಾದ ಯಾಕೋಬಪ್ಪ ಬೀಡಿ ಆರಿಸಿ ಹೇಳಿದರು:

"ತಗೊಳ್ಳಲಿ ಬಿಡ್ರಿ ಅಯ್ಯಗಾರೂ. ಈಗ್ಲೂ ನಮ್ ಹತ್ರ ತಗೊಳ್ತಾನೇ ಅದಾರಲ್ಲ. ತಗೊಳ್ಳೋರು ಬ್ಯಾರೆಯೋರು. ನಮ್ಮೋನೇ ಒಬ್ಬ ತಗೊಂಡ್ರೆ ಏನಾಯ್ತು?"

ದೇವರು ಕೂಡ ಸಮುವೇಲನಿಗೆ, ಜನ ಕೇಳಿದ್ದನ್ನು ಕೊಡು ಎಂದೇ ಹೇಳಿದನಲ್ಲ.

ಆನಂದ ಗೆದ್ದ. ಕೆಲವು ವರ್ಷಗಳಲ್ಲಿ ಪಂಚಾಯಿತಿ ಅಧ್ಯಕ್ಷನೂ ಆದ. ಅವನು ಮಾಡಿದ್ದನ್ನು ಮುಚ್ಚಿಡಬಾರದು. ನಮ್ಮ ಕೇರಿಗೆ ನೀರಿನ ಪೈಪು ಬಂತು. ಸಮಾಧಿ ನೆಲಕ್ಕೆ ಕಾಂಪೌಂಡು ಬಂತು. ತಾಲ್ಲೂಕು ಕಚೇರಿಯಲ್ಲಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಗುಮಾಸ್ತರು, ಅವನ ಹೆಸರು ಹೇಳಿದರೆ ಕುರ್ಚಿ ತೋರಿಸುತ್ತಿದ್ದರು. ಸರ್ಕಾರ ಎಂಬುದು ನಮ್ಮವರಿಗೆ ಮೊದಲ ಸಲ ಮುಖ ತೋರಿಸಿತು, ಅದು ಆನಂದನ ಮುಖ.

ಅವನನ್ನು ಕರೆಯುವ ರೀತಿ ಬದಲಾದದ್ದು ಯಾವಾಗ ಎಂದು ನನಗೆ ಗೊತ್ತಾಗಲೇ ಇಲ್ಲ. "ಲೇ ಆನಂದ" ಎನ್ನುತ್ತಿದ್ದ ಯಾಕೋಬಪ್ಪ "ಅಧ್ಯಕ್ಷರು" ಎನ್ನತೊಡಗಿದರು. ನಾನು ದೀಕ್ಷಾಸ್ನಾನಕ್ಕೆ ಪಾಠ ಹೇಳಿದ ಹುಡುಗ ಅವನು. ಒಂದು ದಿನ ನನ್ನ ಬಾಯಲ್ಲೂ "ಆನಂದಪ್ಪನವರೇ, ನೀವು ಯಾವಾಗ ಬಂದ್ರಿ" ಎಂದು ಬಂತು. ಅವರು ತಿದ್ದಲಿಲ್ಲ.

ತೆಗೆದುಕೊಳ್ಳುವುದು ಸಣ್ಣದರಿಂದಲೇ ಶುರುವಾಯಿತು. ಸಭೆಯ ಗಂಡುಮಕ್ಕಳು ಬೈಕುಗಳಲ್ಲಿ ಅವರ ಜೀಪಿನ ಹಿಂದೆ ಮುಂದೆ ಓಡಾಡಿದರು. ಅವರ ಮನೆಗೆ ದೊಡ್ಡ ಜನ ಬಂದ ದಿನ ನಮ್ಮ ಹೆಣ್ಣುಮಕ್ಕಳು ಮಗ್ಗ ಬಿಟ್ಟು ಅಡಿಗೆಗೆ ಹೋದರು. ಯಾರೂ ಬಲವಂತ ಮಾಡಲಿಲ್ಲ, ಎಲ್ಲರೂ ಸಂತೋಷದಿಂದಲೇ ಹೋದರು. ಹಿಂದೆ ಸಮಾಧಿ ನೆಲಕ್ಕೆ ಅಡ್ಡ ನಿಂತಿದ್ದ ಆ ಗುತ್ತಿಗೆದಾರನೂ ಈಗ ಅವರ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದ.

ಕೊನೆಗೆ ಬಂದದ್ದು ಸಾರಮ್ಮನ ಹುಣಸೆ ಮರಗಳ ಸರದಿ.

ರಸ್ತೆಯ ಪಕ್ಕದಲ್ಲಿ ಸಾರಮ್ಮನ ಮಾವ ನೆಟ್ಟ ಹುಣಸೆ ಮರಗಳ ಒಂದು ಸಣ್ಣ ತೋಪಿತ್ತು. ಗಂಡ ಹೋದ ಮೇಲೆ, ಕಣ್ಣು ಮಂಜಾಗಿ ಮಗ್ಗಕ್ಕೆ ಕೂರಲಾಗದ ಮೇಲೆ, ಅದೇ ಅವರ ಜೀವನ. ಹಣ್ಣು ಉದುರಿಸಿ, ಬೀಜ ತೆಗೆದು, ಚಳ್ಳಕೆರೆಯ ಮಾರುಕಟ್ಟೆಗೆ ಕಳಿಸುತ್ತಿದ್ದರು. ಮೂರು ತಲೆಮಾರಿನಿಂದ ಅವರ ಮನೆಯದೇ ಆಗಿದ್ದ ಆ ನೆಲಕ್ಕೆ ಖಾತೆ ಮಾತ್ರ ಆಗಿರಲಿಲ್ಲ. ನಮ್ಮ ಕಡೆ ಅಂಥ ನೆಲ ಬೇಕಾದಷ್ಟಿದೆ.

ಅಲ್ಲಿ ನಮ್ಮ ಜನಕ್ಕೆ ಸಮುದಾಯ ಭವನ ಕಟ್ಟಿಸುತ್ತೇನೆ ಎಂದರು ಆನಂದಪ್ಪ. ಮುಂದೆ ಭವನ, ರಸ್ತೆಗೆ ಮುಖ ಮಾಡಿ ಅಂಗಡಿ ಮಳಿಗೆಗಳು. ಮಳಿಗೆಗಳು ಯಾರ ಹೆಸರಿಗೆ ಎಂದು ಯಾರೂ ಕೇಳಲಿಲ್ಲ. ಸಾರಮ್ಮನಿಗೆ ಊರ ಹಿಂದೆ ಒಂದು ಆಶ್ರಯ ಮನೆ ಕೊಡಿಸುವ ಮಾತಾಯಿತು. ಸಾರಮ್ಮ ನನ್ನ ಹತ್ತಿರ ಬಂದರು.

"ಬ್ಯಾಡ ಅನ್ನಾಕೆ ನಂಗೆ ಬಾಯಿ ಬರ್ತಿಲ್ಲ ಅಯ್ಯಗಾರೂ. ನನ್ ಗಂಡನ್ನ ಮಣ್ಣಿಗೆ ಸೇರ್ಸಿದೋನು. ಆದ್ರೆ ಮರ ಕೊಟ್ಟು ನಾನು ಏನು ತಿನ್ಲಿ?"

"ಅದನ್ನೇ ಹೇಳಿ ಸಾರಮ್ಮ. ಅವರಿಗೇ ಹೇಳಿ."

"ಹೇಳ್ದೆ. ಅಳ್ತಾ ಹೇಳ್ದೆ. ಅಕ್ಕಾ, ನಾನಿಲ್ವಾ ನಿಂಗೆ, ಅಂದ."

ಆ ಭಾನುವಾರ ನಾನು ನಾಬೋತನ ಕಥೆಯನ್ನು ಪ್ರಸಂಗ ಮಾಡಿದೆ. ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಹಾಬ ಎಂಬ ಅರಸನ ಅರಮನೆಯ ಪಕ್ಕದಲ್ಲಿ ನಾಬೋತ ಎಂಬವನ ದ್ರಾಕ್ಷಿ ತೋಟ. ಅರಸ ಅದನ್ನು ಕೇಳುತ್ತಾನೆ, ಬದಲಿಗೆ ಬೇರೆ ತೋಟ ಕೊಡುತ್ತೇನೆ ಎನ್ನುತ್ತಾನೆ. ಪಿತ್ರಾರ್ಜಿತ ಕೊಡುವುದಿಲ್ಲ ಎಂದು ನಾಬೋತ ಹೇಳುತ್ತಾನೆ. ಅರಸ ಮುಖ ಊದಿಸಿಕೊಂಡು ಊಟ ಬಿಟ್ಟು ಮಲಗುತ್ತಾನೆ. ರಾಣಿ ಈಜೆಬೆಲ್ ಆ ಊರಿನ ಹಿರಿಯರಿಗೆ ಹೇಳಿ ಕಳಿಸುತ್ತಾಳೆ. ಹಿರಿಯರು ಉಪವಾಸ ಸಾರುತ್ತಾರೆ, ಸಭೆ ಕೂಡಿಸುತ್ತಾರೆ, ಇಬ್ಬರು ಸಾಕ್ಷಿಗಳನ್ನು ನಿಲ್ಲಿಸುತ್ತಾರೆ. ಅವನು ದೇವರನ್ನೂ ಅರಸನನ್ನೂ ದೂಷಿಸಿದ ಎಂದು ಸಾಕ್ಷಿ ಹೇಳಿಸಿ, ಊರ ಹೊರಗೆ ಒಯ್ದು ಕಲ್ಲೆಸೆದು ಕೊಲ್ಲುತ್ತಾರೆ. ಎಲ್ಲವೂ ಕಾನೂನಿನ ಪ್ರಕಾರ, ಪ್ರಾರ್ಥನೆಯ ಸಮೇತ. ಅರಸ ಕಲ್ಲು ಮುಟ್ಟಲೇ ಇಲ್ಲ. ಎಸೆದವರು ನಾಬೋತನ ಊರಿನವರು, ದಿನಾ ಅವನ ಜೊತೆ ಬಾವಿಯಲ್ಲಿ ನೀರು ಸೇದುತ್ತಿದ್ದವರು. ಇದನ್ನು ನಾನು ಒತ್ತಿ ಹೇಳಿದೆ.

ಆನಂದಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರಸಂಗ ನಡೆಯುತ್ತಿದ್ದಂತೆ ಅವರು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ದೇವರು ಮುಟ್ಟಿದ ಎಂದುಕೊಂಡೆ. ಆರಾಧನೆ ಮುಗಿದ ಮೇಲೆ ಬಂದು ನನ್ನ ಕೈ ಹಿಡಿದುಕೊಂಡರು.

"ನನ್ ಬದುಕೇ ಹೇಳಿದಂಗಾತು ಅಯ್ಯಗಾರೂ. ಅಂಗೇ ಮಾಡಿದ್ರಲ್ಲ ಅವತ್ತು ನಂಗೆ. ಕೈ ನೋಡ್ರಿ. ಈಗ್ಲೂ ಆ ಭವನ ಆಗಬಾರ್ದು ಅಂತ ತಾಲ್ಲೂಕಿನಲ್ಲಿ ದೊಡ್ಡೋರು ಎಷ್ಟು ಅಡ್ಡಗಾಲು ಹಾಕ್ತಾರೆ ಗೊತ್ತಾ? ನಾಬೋತ ಅಂದ್ರೆ ನಾನೇ."

ಅವರು ನಾಟಕ ಮಾಡುತ್ತಿರಲಿಲ್ಲ. ಅದೇ ಭಯಂಕರ. ಹಿಂದೆ ನಿಂತಿದ್ದ ಯಾಕೋಬಪ್ಪನೂ ತಲೆಯಾಡಿಸಿ, "ಬಡವರಿಗೆ ಯಾವ ಕಾಲದಾಗೂ ಇದೇ ಗತಿ" ಎಂದರು. ಅಂದು ಬಾಗಿಲಲ್ಲಿ ಕೈಕುಲುಕಿದ ಪ್ರತಿಯೊಬ್ಬರೂ ಒಳ್ಳೆಯ ಪ್ರಸಂಗ ಎಂದರು. ಎಲ್ಲರೂ ತಾವು ನಾಬೋತ ಎಂದುಕೊಂಡೇ ಮನೆಗೆ ಹೋದರು. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ. ನೀವು ಎಷ್ಟೇ ಸ್ಪಷ್ಟವಾಗಿ ಹೇಳಿ, ನಾನೇ ಆಹಾಬ ಎಂದುಕೊಂಡು ಎದ್ದುಹೋಗುವವನು ನಿಮ್ಮ ಸಭೆಯಲ್ಲಿ ಒಬ್ಬನೂ ಇರುವುದಿಲ್ಲ.

ಕಥೆ ಕೆಲಸ ಮಾಡದ ಮೇಲೆ ನೇರವಾಗಿ ಅವರ ಮನೆಗೇ ಹೋದೆ. ಹೊಸ ಮನೆ, ಮುಂದೆ ಗ್ರಾನೈಟು ಕಟ್ಟೆ. ನನ್ನನ್ನು ಕಂಡು ನಕ್ಕರು.

"ಬನ್ನಿ ಅಯ್ಯಗಾರೂ. ಬೈಯ್ಯಾಕೆ ಬಂದಿದೀರಿ ಅಂತ ಮುಖ ನೋಡಿದ್ರೇ ಗೊತ್ತಾಗ್ತೈತೆ. ಮೊದ್ಲು ಮಜ್ಜಿಗೆ ಕುಡೀರಿ."

"ಸಾರಮ್ಮನ ತೋಪು ಬಿಟ್ಟುಬಿಡಿ ಆನಂದಪ್ಪ. ಭವನಕ್ಕೆ ಬೇರೆ ಜಾಗ ಇಲ್ವಾ?"

"ರಸ್ತೆ ಪಕ್ಕ ಇರೋದು ಅದೊಂದೇ."

"ಆಕೆಗೆ ಇರೋದೂ ಅದೊಂದೇ."

ಅವರು ಅಂಗಿಯ ತೋಳು ಮೇಲೆ ಎಳೆದು ಸೊಟ್ಟಗಾಗಿದ್ದ ಕೈಯನ್ನು ಕಟ್ಟೆಯ ಮೇಲಿಟ್ಟರು. ದನಿ ಏರಿಸಲಿಲ್ಲ.

"ಅವತ್ತು ರಸ್ತೆ ಮ್ಯಾಲೆ ನೀವೆಲ್ಲ ನಿಂತಿದ್ರಿ. ಏಟು ಬೀಳೋವಾಗ ತಿರುಗಿ ನೋಡ್ದೆ. ಒಬ್ರಾದ್ರೂ ಬರ್ತಾರೆ ಅಂತ ನೋಡ್ದೆ. ಸಾರಕ್ಕನೂ ನೋಡ್ತಾ ಕೂತಿದ್ಳು. ಯಾರೂ ಬರ್ಲಿಲ್ಲ. ನಿಮ್ಮನ್ನ ಬೈತಿಲ್ಲ ನಾನು. ಆದ್ರೆ ಅವತ್ತೇ ಗೊತ್ತಾಯ್ತು, ಈ ಜನಕ್ಕೆ ಏನು ಬೇಕೋ ಅದನ್ನ ಕೇಳ್ಕೊಂಡು ಮಾಡಾಕಾಗಲ್ಲ. ಮಾಡ್ಬೇಕು, ಅಷ್ಟೇ. ಆಮೇಲೆ ಅವ್ರೇ ಬಂದು ಕಾಲಿಗೆ ಬೀಳ್ತಾರೆ."

ಸತ್ಯವೇದದ ಆರಂಭದಲ್ಲೇ ನಿಮ್ರೋದ ಎಂಬ ಹೆಸರು ಬರುತ್ತದೆ. ಭೂಮಿಯ ಮೇಲಿನ ಮೊದಲ ಪರಾಕ್ರಮಿ, ಮಹಾ ಬೇಟೆಗಾರ, ಅದರ ಬೆನ್ನಿಗೇ ಪಟ್ಟಣಗಳನ್ನು ಕಟ್ಟಿದ ಅರಸ. ಬೇಟೆಗಾರ ಹೇಗೆ ಅರಸನಾದ ಎಂದು ತರಬೇತಿಯ ದಿನಗಳಲ್ಲಿ ನನಗೆ ಅರ್ಥವಾಗಿರಲಿಲ್ಲ. ಆ ಕಟ್ಟೆಯ ಮೇಲೆ ಅರ್ಥವಾಯಿತು. ಊರಿಗೆ ನುಗ್ಗಿದ ಮೃಗವನ್ನು ಒಬ್ಬನೇ ಎದುರಿಸಿದವನಿಗೆ, ಮನೆಯೊಳಗೆ ಅವಿತುಕೊಂಡವರ ಮೇಲೆ ಪ್ರೀತಿ ಉಳಿದೀತು, ಗೌರವ ಉಳಿಯುವುದಿಲ್ಲ. ನಾನು ಮಜ್ಜಿಗೆ ಕುಡಿದು ಎದ್ದು ಬಂದೆ.

ಮುಂದಿನದೆಲ್ಲ ಬೇಗ ಆಯಿತು. ಆ ನೆಲ ಹಿಂದಿನಿಂದಲೂ ಸಭೆಯ ಸಾರ್ವಜನಿಕ ಬಳಕೆಯದು ಎಂದು ಕಂದಾಯ ಇಲಾಖೆಯವರ ಮುಂದೆ ಇಬ್ಬರು ಹೇಳಬೇಕಿತ್ತು. ಯಾಕೋಬಪ್ಪ ಹೇಳಿದರು. ಇನ್ನೊಬ್ಬ, ಸಾರಮ್ಮನ ಗಂಡನ ಸ್ವಂತ ತಮ್ಮ. ನನ್ನನ್ನೂ ಸಹಿ ಕೇಳಿದರು, ನಾನು ಹಾಕಲಿಲ್ಲ. ಅದರಿಂದ ಯಾವ ಕೆಲಸವೂ ನಿಲ್ಲಲಿಲ್ಲ. ಇಬ್ಬರು ಸಾಕಾಗಿತ್ತು.

ನಾನು ಸಾರಮ್ಮನನ್ನು ಕರೆದುಕೊಂಡು ಮೊಳಕಾಲ್ಮುರಿನ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಸಾರಮ್ಮನಿಗೆ ಕುರ್ಚಿ ಹಾಕಿಸಿದರು, ಪೂರ್ತಿ ಕೇಳಿಸಿಕೊಂಡರು.

"ಅಮ್ಮ, ನಿಮ್ ನೆಲ ಅಂತ ನೀವೊಬ್ರೇ ಹೇಳ್ತೀರಿ. ಅಲ್ಲ ಅಂತ ಊರೇ ಹೇಳ್ತೈತೆ. ಅದೂ ನಿಮ್ ದೇವಸ್ಥಾನದೋರೇ. ನಾನು ಯಾರ ಮಾತು ಕೇಳ್ಲಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: "ಫಾದರ್, ಇಂಥ ಮುಖಂಡರು ಇಲ್ದಿದ್ರೆ ಆ ಹಳ್ಳಿಗಳಾಗೆ ನಮ್ ಒಂದು ಸ್ಕೀಮೂ ನಡೆಯಲ್ಲ. ನಿಮಗೇ ಗೊತ್ತಲ್ಲ."

ಊರಿಗೆ ಮರಳಿದ ಮೇಲೆ ಯಾಕೋಬಪ್ಪನನ್ನು ಹುಡುಕಿಕೊಂಡು ಹೋದೆ. ಹೋಟೆಲಿನ ಮುಂದೆ ನಿಂತಿದ್ದರು. ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಾ ಹೇಳಿದರು: "ನನ್ ಮೊಮ್ಮಗಳಿಗೆ ಅಂಗನವಾಡಿ ಕೆಲ್ಸ ಆಗೋದೈತೆ ಅಯ್ಯಗಾರೂ. ನೀವು ಇನ್ನೊಂದು ವರ್ಷಕ್ಕೆ ಬ್ಯಾರೆ ಊರಿಗೆ ಹೋಗ್ತೀರಿ. ನಾವು ಇಲ್ಲೇ ಇರ್ಬೇಕಲ್ಲ."

ಮರ ಕಡಿದ ದಿನ ನಾನು ಅಲ್ಲಿದ್ದೆ. ಕಾಯಿ ಇನ್ನೂ ಪೂರ್ತಿ ಮಾಗಿರಲಿಲ್ಲ. ಗರಗಸದ ಸದ್ದಿಗೆ ಊರೆಲ್ಲ ಸೇರಿತು. ಆನಂದಪ್ಪ ಬಂದು, "ಸೌದೆ ಬೇಕಾದೋರು ತಗೊಂಡು ಹೋಗ್ರಿ, ಯಾರಿಗೂ ಇಲ್ಲ ಅನ್ನಲ್ಲ" ಎಂದರು. ನಮ್ಮ ಸಭೆಯ ಹೆಂಗಸರು, ಭಾನುವಾರ ಸಾರಮ್ಮನ ಪಕ್ಕದಲ್ಲಿ ಕೂತು ಹಾಡುವವರು, ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಬಗ್ಗಿದಳು. ಆಮೇಲೆ ಎಲ್ಲರೂ. ಸೆರಗಿನಲ್ಲಿ ಕಾಯಿ ತುಂಬಿಕೊಂಡು, ತಲೆಯ ಮೇಲೆ ಕೊಂಬೆ ಹೊತ್ತುಕೊಂಡು ಹೋದರು. ಸಾರಮ್ಮ ರಸ್ತೆಯ ಆಚೆ ನಿಂತಿದ್ದರು. ಅಳಲಿಲ್ಲ, ಶಾಪ ಹಾಕಲಿಲ್ಲ. ಸಂಜೆಗೆ ನೆಲ ಬೋಳಾಗಿತ್ತು, ಊರಿನ ಒಲೆಗಳಲ್ಲಿ ಹಸಿ ಸೌದೆಯ ಹೊಗೆ ಎದ್ದಿತ್ತು. ಮರುದಿನ ನೆರೆಮನೆಯವರು ತಂದುಕೊಟ್ಟ ಹುಣಸೆಕಾಯಿ ಸಾರನ್ನು ಕರುಣಾ ಮುಟ್ಟಲಿಲ್ಲ.

ಮೇಲ್ವಿಚಾರಕರು ನನ್ನನ್ನು ಚಿತ್ರದುರ್ಗಕ್ಕೆ ಕರೆಸಿದರು. ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ. ಬೇಸರವಿತ್ತು.

"ಭವನದ ಉದ್ಘಾಟನೆಗೆ ಜಿಲ್ಲೆಯ ಮಂತ್ರಿಗಳೇ ಬರ್ತಿದ್ದಾರೆ. ನಮ್ಮಂಥ ಸಣ್ಣ ಸಮುದಾಯಕ್ಕೆ ಇದು ಎಷ್ಟು ದೊಡ್ಡದು ಅಂತ ಯೋಚನೆ ಮಾಡಿದ್ದೀರಾ? ನೀವು ಆ ಮನುಷ್ಯನ ವಿರುದ್ಧ ಕಚೇರಿ ಸುತ್ತುತ್ತಿದ್ದೀರಿ. ಎಲ್ಲ ಅಧಿಕಾರವೂ ದೇವರಿಂದಲೇ ಬಂದದ್ದು ಅಂತ ಅಪೊಸ್ತಲನೇ ಬರೆದಿದ್ದಾನಲ್ಲ."

"ಬರೆದಿದ್ದಾನೆ ಅಯ್ಯನವರೇ. ಆಮೇಲೆ ಅದೇ ಅಧಿಕಾರ ಅವನ ತಲೆ ತೆಗೆಯಿತು ಅಂತ ನೀವೇ ನಮಗೆ ಪಾಠ ಹೇಳಿದ್ದಿರಿ."

ಅವರು ಕನ್ನಡಕ ತೆಗೆದು ಒರೆಸಿದರು. "ಅದಕ್ಕೇ ನಿಮ್ಮನ್ನ ಚಳ್ಳಕೆರೆಗೆ ಹಾಕ್ತಿದ್ದೀನಿ" ಎಂದರು.

ಚಳ್ಳಕೆರೆ ದೊಡ್ಡ ಸಭೆ. ಎಣ್ಣೆ ಮಿಲ್ಲುಗಳ ವಾಸನೆ ಆರಾಧನೆಯ ಹೊತ್ತಿಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಪ್ರೊಜೆಕ್ಟರ್ ಬಂದದ್ದು ಅಲ್ಲೇ. ಪ್ರಸಂಗ ಇಪ್ಪತ್ತು ನಿಮಿಷ ಮೀರಬಾರದು, ಜನ ಮೊಬೈಲಿನಲ್ಲಿ ನೋಡುತ್ತಾರೆ ಎಂದು ಸಮಿತಿಯವರು ಹೇಳಿದರು. ಅರಸರ ಕಥೆಗಳನ್ನು ನಾನು ಕಡಿಮೆ ಮಾಡಿದೆ. ಆಶೀರ್ವಾದದ ವಚನಗಳನ್ನು ಹೇಳುವುದು ಎಲ್ಲರಿಗೂ ಸುಲಭ.

ನನ್ನಿವಾಳದ ಕಡೆಯಿಂದ ಒಂದು ಕುರಿಗಾಹಿ ಕುಟುಂಬ ಸಭೆಗೆ ಬರುತ್ತಿತ್ತು. ಅವರ ಮನೆಗೆ ಪ್ರಾರ್ಥನೆಗೆ ಹೋದಾಗ, ಕುದಾಪುರದ ಹುಲ್ಲುಗಾವಲಿಗೆ ದೊಡ್ಡ ದೊಡ್ಡ ಸಂಸ್ಥೆಗಳ ಗೋಡೆ ಬಂದ ಮೇಲೆ ಕುರಿಗಳನ್ನು ಸುತ್ತು ಹಾಕಿ ಹೊಡೆದುಕೊಂಡು ಹೋಗಬೇಕಾಗಿದೆ ಎಂದು ಆ ಮನೆಯ ಯಜಮಾನ ಹೇಳುತ್ತಿದ್ದ. ಕೊನೆಗೆ ಕುರಿ ಮಾರಿದರು. ಮುಂದೊಂದು ದಿನ ಆ ತಾಯಿ ಪೇಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಆ ಗೋಡೆಯ ಒಂದು ಗೇಟಿನಲ್ಲಿ ಮಗನಿಗೆ ಕಾವಲು ಕೆಲಸ ಸಿಕ್ಕಿತ್ತು.

"ಸ್ತೋತ್ರ ಪ್ರಾರ್ಥನೆ ಮಾಡ್ರಿ ಅಯ್ಯನೋರೇ. ಯೂನಿಫಾರಂ ಹಾಕ್ಕಂಡ್ರೆ ನಮ್ ಹುಡುಗ ಅಂತ ಗುರುತೇ ಸಿಗಲ್ಲ" ಎಂದಳು.

ನಾನು ಪೇಡೆ ತಿಂದು ಪ್ರಾರ್ಥನೆ ಮಾಡಿದೆ. ಮಗನ ಮೊದಲ ಸಂಬಳಕ್ಕೆ ಹಿಗ್ಗಿದ ತಾಯಿಗೆ ಸಮುವೇಲನ ಎಚ್ಚರಿಕೆಯನ್ನು ಹೇಳುವ ಎದೆ ಯಾರಿಗಿದೆ? ಹೇಳಿದರೂ, ರಥದ ಮುಂದೆ ಓಡುವುದಾದರೂ ಸಿಕ್ಕಿತಲ್ಲ ಎಂದೇ ಅವಳು ಹೇಳುತ್ತಿದ್ದಳು.

ನಿವೃತ್ತಿಯ ದಿನ ಶಾಲು ಹೊದಿಸಿದರು. ಅದರ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಆನಂದಪ್ಪನವರು ಜೀಪು ಬಿಟ್ಟು ದೊಡ್ಡ ಕಾರಿನಲ್ಲಿ ಬಂದಿದ್ದರು. ನನ್ನ ಪಾಠದಿಂದಲೇ ತಾವು ಜನಸೇವೆ ಕಲಿತದ್ದು ಎಂದು ಮೈಕಿನಲ್ಲಿ ಹೇಳಿ ನನ್ನನ್ನು ಅಪ್ಪಿಕೊಂಡರು. ಸತ್ಯವೇದದಲ್ಲಿ ಆಹಾಬನಿಗೆ ಶಿಕ್ಷೆಯಾಗುತ್ತದೆ. ಯುದ್ಧದಲ್ಲಿ ಬಾಣ ತಗಲಿ ಸಾಯುತ್ತಾನೆ, ಅವನ ರಕ್ತವನ್ನು ನಾಯಿಗಳು ನೆಕ್ಕುತ್ತವೆ. ಆನಂದಪ್ಪನವರಿಗೆ ಏನೂ ಆಗಿಲ್ಲ. ಆಗಲಿ ಎಂದು ನಾನು ಬಯಸುವುದೂ ಇಲ್ಲ. ಅವರು ಹೋದರೆ ಆ ಜಾಗಕ್ಕೆ ಬರಲು ನಮ್ಮ ಸಭೆಯ ಬೈಕಿನ ಹುಡುಗರೇ ಕಾಯುತ್ತಿದ್ದಾರೆ.

ಸಾರಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ನಿವೃತ್ತಿಗೆ ಸ್ವಲ್ಪ ಮೊದಲು, ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ. ಆಶ್ರಯ ಮನೆ ಮಾತಿನಲ್ಲೇ ಉಳಿದಿತ್ತು. ಇಷ್ಟು ದಿನ ಅವರಿವರ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿದ್ದರು. ಈಗ ಹಿರಿಯೂರಿನ ಹತ್ತಿರ ಯಾರದೋ ಕೋಳಿ ಫಾರಂನಲ್ಲಿ ಇರಲು ಜಾಗ ಕೊಟ್ಟು ಕೆಲಸ ಕೊಡುತ್ತಾರಂತೆ, ಅಲ್ಲಿಗೆ ಹೊರಟಿದ್ದರು. ಕಣ್ಣು ಇನ್ನಷ್ಟು ಮಂಜಾಗಿತ್ತು. ದನಿಯಿಂದ ನನ್ನನ್ನು ಗುರುತಿಸಿದರು. ನಮ್ಮ ಮನೆಗೆ ಬನ್ನಿ, ಕರುಣಾ ಇದ್ದಾಳೆ, ಎರಡು ದಿನ ಇದ್ದು ಹೋಗಿ ಎಂದೆ. ಬೇಡವೆಂದರು. ಬೆಂಚಿನ ಮೇಲೆ ಕೂತೆವು.

"ಒಂದು ಕೇಳ್ಬೇಕಿತ್ತು ಅಯ್ಯಗಾರೂ" ಎಂದರು. "ಅವತ್ತು ನಾಬೋತನ ಕಥೆ ಹೇಳಿದ್ರಲ್ಲ."

"ಹೌದು."

"ಅವನಿಗೆ ಹೆಂಡ್ತಿ ಇದ್ಲಾ?"

ನಾನು ಯೋಚಿಸಿದೆ. ಎಷ್ಟು ಸಲ ಓದಿದ ಅಧ್ಯಾಯ ಅದು. ಮಕ್ಕಳಿದ್ದರು ಎಂದು ಬೇರೆ ಕಡೆ ಒಂದು ಮಾತು ಬರುತ್ತದೆ, ಅವರನ್ನೂ ಕೊಂದಿದ್ದರು. ಮಕ್ಕಳಿದ್ದರೆ ಹೆಂಡತಿಯೂ ಇದ್ದಿರಬೇಕು.

"ಇದ್ದಿರಬೇಕು ಸಾರಮ್ಮ."

"ತೋಟ ಹೋದ್ಮ್ಯಾಲೆ ಆಯಮ್ಮ ಎಲ್ಲಿಗೆ ಹೋದ್ಲು?"

"ಗೊತ್ತಿಲ್ಲ. ಅದನ್ನ ಬರೆದಿಲ್ಲ."

"ತೋಟ ವಾಪಸ್ ಬಂತಾ?"

"ಅದೂ ಬರೆದಿಲ್ಲ."

ಅವರು ಚೀಲದ ಬಾಯಿ ಬಿಗಿದು ಕಟ್ಟಿದರು. "ನಾಯಿ ನೆಕ್ಕಿದ್ದು ಬರ್ದಾರೆ" ಎಂದರು.

ಹಿರಿಯೂರಿನ ಬಸ್ಸು ಬಂತು. ನಾನು ಚೀಲ ಎತ್ತಿಕೊಟ್ಟೆ. ಅವರು ಕಂಬಿ ತಡಕಿ ಹಿಡಿದುಕೊಂಡು ಹತ್ತಿದರು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ತಿರುಗುವಾಗ ನಾನು ಕೈ ಎತ್ತಿದೆ. ಅವರು ನೇರವಾಗಿ ಮುಂದೆ ನೋಡುತ್ತಿದ್ದರು, ಅವರಿಗೆ ಅದು ಕಾಣಿಸಲಿಲ್ಲ.